ಗಂಗಾಮಣಿ ಮಾಡಿದ ನೀರು

ಪಲ್ಪರ್ ಶುರುವಾದ ಮೂರನೆಯ ದಿನ ಹಳ್ಳದ ಮೀನು ಹೊಟ್ಟೆ ಮೇಲಾಗಿ ತೇಲಿದವು. ನಾಲ್ಕನೆಯ ದಿನ ಕೂಲಿ ಲೈನಿನ ಮಕ್ಕಳು ಕೈಕಾಲು ಕೆರೆದುಕೊಳ್ಳಲು ಹಿಡಿದರು. ಐದನೆಯ ದಿನ ಗಂಗಾಮಣಿಯ ಮಗಳು ಧನುಶ್ರೀ, ಏಳು ತಿಂಗಳ ಬಸುರಿ, ಬಾಣಂತನಕ್ಕೆಂದು ಕುಂದೂರಿನಿಂದ ಹೊರಟು ಹಾನುಬಾಳಿನಲ್ಲಿ ಬಸ್ಸಿಳಿದಳು.

"ಒಳ್ಳೆ ಹೊತ್ತು ನೋಡ್ಕಂಡು ಬಂದವ್ಳೆ ಕಣವ್ವ ನಿನ್ ಮಗ್ಳು," ಅಂದಳು ಪಕ್ಕದ ಮನೆಯ ಮುದುಕಿ ತಾಯಮ್ಮ. "ಹಳ್ಳದಾಗೆ ಕಾಫಿನೇ ಹರೀತಾ ಐತೆ. ಹಾಲು ಸಕ್ಕರೆ ಹಾಕ್ಬುಟ್ರೆ ಮುಗೀತು, ಬಸುರಿಗೆ ಬಾಯಾರಿಕೆನೇ ಇಲ್ಲ."

ಗಂಗಾಮಣಿ ನಗಲಿಲ್ಲ. ಮಗಳ ಬ್ಯಾಗನ್ನು ತಲೆಯ ಮೇಲಿಟ್ಟುಕೊಂಡು ಇಳಿಜಾರು ಇಳಿದಳು.

ಕಲ್ಲುಗುಡ್ಡೆ ಎಸ್ಟೇಟಿನಲ್ಲಿ ಎಲ್ಲಕ್ಕೂ ಮೇಲೆ ಬಂಗಲೆ. ಅಲ್ಲಿ ಬೋರ್‌ವೆಲ್ಲು. ಒಳಗೆ ಗೋಡೆಗೆ ತೂಗುಹಾಕಿದ, ನೀಲಿ ದೀಪ ಉರಿಯುವ ನೀರಿನ ಮೆಷಿನ್ನು. ಬಂಗಲೆಯ ಕೆಳಗೆ ಸ್ಟೋರು ಮತ್ತು ಕಾಫಿ ಒಣಗಿಸುವ ಕಣ. ಅದರ ಕೆಳಗೆ ಪಲ್ಪರ್ ಮನೆ. ಅದರ ಕೆಳಗೆ ಹಳ್ಳ. ಹಳ್ಳದ ದಂಡೆಗೆ ಹನ್ನೆರಡು ಮನೆಯ ಲೈನು. ಒಂದೇ ಸೂರು, ಹನ್ನೆರಡು ಬಾಗಿಲು. ಕೇರಿಯಿಂದ ಕರೆತಂದ ಜನ. ಗಂಗಾಮಣಿಯ ಅತ್ತೆಯ ಅತ್ತೆ ಇದೇ ಸೂರಿನ ಕೆಳಗೆ ಕಣ್ಣು ಮುಚ್ಚಿದವಳು. ಮೇಲಿನವರು ತೊಳೆದು ಬಿಟ್ಟದ್ದು ಕೆಳಗಿನವರ ಕೊಡಕ್ಕೆ ಬರುತ್ತದೆ. ಇದು ಆಗಿನಿಂದಲೂ ನಡೆದುಕೊಂಡು ಬಂದಿದೆ.

ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಕೆಂಪು ಹಣ್ಣು ಒಂದು ಕಡೆ ಬೀಳುತ್ತದೆ. ಬೀಜ ಒಂದು ಕಡೆ, ಸಿಪ್ಪೆ ಒಂದು ಕಡೆ ಬರುತ್ತದೆ. ಬೀಜಕ್ಕೆ ಅಂಟಿದ ಲೋಳೆಯನ್ನು ನೀರು ಬಿಟ್ಟು ತೊಳೆಯುತ್ತಾರೆ. ಬೀಜ ಕಣಕ್ಕೆ ಹೋಗುತ್ತದೆ. ಲೋಳೆ ಬೆರೆತ ನೀರು ಟ್ಯಾಂಕಿಗೆ ಹೋಗುತ್ತದೆ. ಟ್ಯಾಂಕು ಒಂದೇ ದಿನಕ್ಕೆ ತುಂಬುತ್ತದೆ. ಇನ್ನೊಂದು ಟ್ಯಾಂಕು ಕಟ್ಟಿಸುತ್ತೇವೆ ಅಂತ ಹೇಳಿ ಆರು ವರ್ಷ ಆಯಿತು. ಅಲ್ಲಿಯವರೆಗೆ ದಿನಾ ಸಂಜೆ ಐದಕ್ಕೆ ಗೇಟು ತೆಗೆಯುತ್ತಾರೆ. ಹುಳಿ ಹೆಂಡದ ವಾಸನೆಯ ಕಂದು ನೀರು ಧುಮುಕಿ ಹಳ್ಳಕ್ಕೆ ಬೀಳುತ್ತದೆ. ಬೆಳಗಾಗುವಷ್ಟರಲ್ಲಿ ಕಪ್ಪಾಗುತ್ತದೆ.

ಗೇಟು ತಿರುಗಿಸುವ ಕೈ ಅಣ್ಣಯ್ಯನದು. ತಿರುಗಿಸು ಅನ್ನುವ ಬಾಯಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪ್ರದೀಪನದು. ಅಣ್ಣಯ್ಯ ಗಂಗಾಮಣಿಯ ಗಂಡ. ಪಲ್ಪರ್ ಮನೆಯಲ್ಲಿ ಇಪ್ಪತ್ತೆರಡು ಸುಗ್ಗಿ ನಿಂತವನು. ಲೋಳೆಯಲ್ಲಿ ನೆನೆದು ನೆನೆದು ಅವನ ಕೈಯ ಚರ್ಮ ಬೆಂದ ಆಲೂಗಡ್ಡೆಯ ಸಿಪ್ಪೆಯಂತೆ ಏಳುತ್ತಿತ್ತು. ಅನ್ನ ಕಲಸುವಾಗ ಉಪ್ಪು ತಾಗಿದರೆ ತುಟಿ ಕಚ್ಚಿಕೊಳ್ಳುತ್ತಿದ್ದ.

ಧನುಶ್ರೀ ಬಂದ ದಿನ ಒಂದು ಲೋಟ ನೀರು ಕುಡಿದಳು. ಕುಡಿದದ್ದು ಅಂಗಳದಲ್ಲೇ ವಾಪಸು ಬಂತು. ಸೋಸಿ, ಕಾಸಿ, ಏಲಕ್ಕಿ ಜಜ್ಜಿ ಹಾಕಿ ಕೊಟ್ಟರು. ಅದೂ ಬಂತು. ಮೂರು ದಿನಕ್ಕೆ ಅವಳ ತುಟಿ ಒಡೆಯಿತು. ಕಣ್ಣ ಸುತ್ತ ಗುಳಿ ಬಿತ್ತು. ಹೊಟ್ಟೆಯೊಂದೇ ಮುಂದಕ್ಕೆ, ಉಳಿದ ಮೈಯೆಲ್ಲ ಒಳಕ್ಕೆ.

"ಅವ್ವ, ಒಳ್ಳೆ ನೀರು ಒಂದು ಲೋಟ ಸಿಕ್ರೆ ಸಾಕು ಕಣವ್ವ," ಅಂದಳು. ಊಟ ಕೇಳಲಿಲ್ಲ. ಸೀರೆ ಕೇಳಲಿಲ್ಲ.

ಗಂಗಾಮಣಿ ಕೊಡ ಹಿಡಿದು ಬಂಗಲೆಗೆ ಹತ್ತಿದಳು. ಹಿತ್ತಲಲ್ಲಿ ಬೋರಿನ ನಲ್ಲಿ. ಲೈನಿನವರು ಆ ನಲ್ಲಿ ಮುಟ್ಟುವಂತಿಲ್ಲ. ಬೋರ್ಡು ಹಾಕಿರಲಿಲ್ಲ, ಬೇಕಾಗಿರಲಿಲ್ಲ. ಅಡುಗೆಯ ದೇವೀರಮ್ಮ ಬಂದು, ಚೊಂಬಿನಲ್ಲಿ ಹಿಡಿದು, ಮೊಳ ಎತ್ತರದಿಂದ ಕೊಡಕ್ಕೆ ಸುರಿಯಬೇಕು. ದೇವೀರಮ್ಮ ಎರಡು ಚೊಂಬು ಸುರಿದಿದ್ದಳು. ಸ್ಟೋರಿನ ಕಡೆಯಿಂದ ಪ್ರದೀಪ ಬಂದ.

"ಬಂಗ್ಲೆ ಕೆಲ್ಸದೋರಿಗೆ ಮಾತ್ರ ಅಂತ ಹೇಳಿರ್ಲಿಲ್ವ ದೇವೀರಮ್ಮ?"

"ಬಸುರಿ ಹೆಂಗ್ಸು ರೈಟ್ರೆ," ಅಂದಳು ಗಂಗಾಮಣಿ. "ದಿನಕ್ಕೊಂದೇ ಕೊಡ."

"ನಿಂಗ್ ಕೊಟ್ರೆ ಹನ್ನೆರಡು ಮನೆಯೋರೂ ಕೊಡ ಹೊತ್ಕಂಡ್ ಬತ್ತಾರೆ. ಕಾಸ್ಕಂಡು ಕುಡೀರಿ."

"ಕಾಸಿದ್ರೆ ವಾಸ್ನೆ ಇನ್ನೂ ಏರ್ತದೆ ರೈಟ್ರೆ."

"ಮೂಗು ಮುಚ್ಕಂಡು ಕುಡೀರಿ. ಮೂಗಿಗೂ ಬಂಗ್ಲೆಯಿಂದ್ಲೇ ಬಟ್ಟೆ ಕೊಡ್ಬೇಕಾ?"

ಕೊಡದ ತಳದಲ್ಲಿ ಎರಡು ಚೊಂಬು ನೀರು ಅಲ್ಲಾಡುತ್ತಿತ್ತು. ಅದನ್ನು ಚೆಲ್ಲದಂತೆ ಎರಡೂ ಕೈಯಲ್ಲಿ ಅಪ್ಪಿಕೊಂಡು ಇಳಿದಳು. ಮಗಳು ಅದನ್ನು ಗುಟುಕು ಗುಟುಕಾಗಿ ಎರಡು ದಿನ ಕುಡಿದಳು.

ಗುಡ್ಡದ ಮೇಲೊಂದು ಒರತೆಯಿತ್ತು. ಆದರೆ ಆನೆಗಳು ಅಲ್ಲೇ ಬೀಡು ಬಿಟ್ಟಿದ್ದವು. ಹಿಂಡು ಎಲ್ಲಿದೆ ಅಂತ ಬೆಳಿಗ್ಗೆ ಬೆಳಿಗ್ಗೆ ಫೋನಿಗೆ ಮೆಸೇಜು ಬರುತ್ತಿತ್ತು. ಎರಡು ವರ್ಷದ ಹಿಂದೆ ಆ ದಾರಿಯಲ್ಲಿ ನೀರಿಗೆ ಹೋದ ತಾಯಮ್ಮನ ಸೊಸೆ ವಾಪಸು ಬಂದಿರಲಿಲ್ಲ.

ಧನುಶ್ರೀ ಪಿಯುಸಿ ಓದಿದವಳು. ಕೂತಲ್ಲೇ ಮಾಲಿನ್ಯ ತಡೆಯುವ ಸರ್ಕಾರಿ ಆಫೀಸಿಗೆ ಒಂದು ಅರ್ಜಿ ಬರೆದಳು. ನಮ್ಮ ಕುಡಿಯುವ ನೀರಿಗೆ ಪಲ್ಪರ್ ನೀರು ಬಿಡುತ್ತಿದ್ದಾರೆ, ಬಂದು ಪರೀಕ್ಷೆ ಮಾಡಿ ಅಂತ. ಹನ್ನೊಂದು ಮನೆಯವರು ಹೆಬ್ಬೆಟ್ಟು ಒತ್ತಿದರು. ಅಣ್ಣಯ್ಯ ಒತ್ತಲಿಲ್ಲ. "ಗೇಟು ತೆಗೆಯೋನು ನಾನೇ. ನನ್ ಮೇಲೇ ನಾನು ಅರ್ಜಿ ಕೊಡ್ಲಾ?" ಅಂದ. ಅರ್ಜಿ ಹಾನುಬಾಳಿನ ಟಪಾಲು ಡಬ್ಬಿಗೆ ಬಿತ್ತು. ವಾರವಾಯಿತು. ಯಾರೂ ಬರಲಿಲ್ಲ. ಧನುಶ್ರೀ ಕುಡಿದದ್ದರಲ್ಲಿ ಅರ್ಧ ಕಕ್ಕಿ, ಅರ್ಧ ಉಳಿಸಿಕೊಂಡು ದಿನ ತಳ್ಳಿದಳು.

ಆಗ ಧನುಶ್ರೀ ಫೋನಿನಲ್ಲಿ ಅದನ್ನು ನೋಡಿದ್ದು.

"ಅವ್ವ, ಇಲ್ನೋಡು. ತೆಂಗಿನ ಚಿಪ್ಪಿನ ಇದ್ದಿಲು. ಅದ್ರಾಗೆ ನೀರು ಇಳುಸಿದ್ರೆ ಬಣ್ಣ ವಾಸ್ನೆ ಎಲ್ಲಾ ಇದ್ದಿಲೇ ನುಂಗ್ತದಂತೆ."

ಗಂಗಾಮಣಿ ಫೋನು ನೋಡಲಿಲ್ಲ. ಮಗಳ ಮುಖ ನೋಡಿದಳು. "ನಮ್ಮವ್ವ ನಮ್ಮೂರು ಬಿಸಿಲೆಯಾಗೆ ಹಿಂಗೇ ಮಾಡೋಳು. ಮಳೆಗಾಲದ ರಾಡಿ ನೀರಿಗೆ. ಮೂರು ಮಡಿಕೆ, ಒಂದ್ರ ಮೇಲೊಂದು. ನಡುವಿಂದ್ರಾಗೆ ಇದ್ದಿಲು," ಅಂದಳು. ಮರೆತಿದ್ದಳು. ಈಗ ಕೈಗೆ ನೆನಪಾಯಿತು.

ಮೂರು ಮಡಿಕೆಯ ಗೋಪುರ ಮನೆಯಲ್ಲಿ ಕೂರುವಂಥದ್ದು. ಅವರಿಗೆ ಬೇಕಾಗಿದ್ದು ಹೊತ್ತು ತಿರುಗುವಂಥದ್ದು. ಹಣ್ಣು ಕೊಯ್ಯುವ ತೋಟಕ್ಕೆ ಬೆಳಿಗ್ಗೆ ಹೋದರೆ ಕತ್ತಲಿಗೆ ಬರುವುದು. ಅಲ್ಲೂ ಕುಡಿಯಲು ಅದೇ ಹಳ್ಳ. ಮಗಳನ್ನು ತಪಾಸಣೆಗೆ ಸಕಲೇಶಪುರಕ್ಕೆ ಕರೆದೊಯ್ಯುವಾಗಲೂ ಜೊತೆಗಿರಬೇಕು. ನೀರನ್ನು ಬೆನ್ನಿಗೆ ಕಟ್ಟಿಕೊಂಡು ಓಡಾಡಬೇಕಾದ ಜನ ಅವರು.

ಚಿಪ್ಪು ಎಲ್ಲಿಂದ ತರುವುದು? ಲೈನಿನಲ್ಲಿ ತೆಂಗಿನಕಾಯಿ ಹಬ್ಬಕ್ಕೆ ಮಾತ್ರ. ಗಂಗಾಮಣಿ ಭಾನುವಾರ ಹಾನುಬಾಳಿಗೆ ಹೋಗಿ ಹೋಟೆಲಿನ ಹಿಂದಿನ ಕಸದ ರಾಶಿಗೆ ಕೈಹಾಕಿದಳು. ಹೋಟೆಲಿನವನು "ಏಯ್" ಅಂದ. ಚಿಪ್ಪಿಗೆ ಅಂದಳು. "ಚಿಪ್ಪು ನಿಮ್ ಕೈಗೆ ಬಂದೇ ಐತಲ್ಲ, ಇನ್ನೂ ಬೇಕಾ," ಅಂತ ನಕ್ಕು ಹೋದ. ಮಡಿಲು ತುಂಬ ಚಿಪ್ಪು ಆಯ್ದು ತಂದಳು.

ನಾರು ಕೆರೆದಳು. ಹಳೆಯ ಎಣ್ಣೆ ಡಬ್ಬಕ್ಕೆ ಚಿಪ್ಪಿನ ಚೂರು ತುಂಬಿ, ಮುಚ್ಚಳ ಹಾಕಿ, ಸುತ್ತ ಮಣ್ಣು ಮೆತ್ತಿ, ಒಂದು ಸಣ್ಣ ಕಿಂಡಿ ಬಿಟ್ಟು ಒಲೆಗಿಟ್ಟಳು. ಕಿಂಡಿಯಿಂದ ಹಳದಿ ಹೊಗೆ ಬಂತು. ಹೊಗೆ ನಿಂತ ಮೇಲೆ ಕಿಂಡಿಗೂ ಮಣ್ಣು ಮೆತ್ತಿ ಆರಲು ಬಿಟ್ಟಳು. ಮರುದಿನ ತೆಗೆದರೆ ಇದ್ದಿಲು ಗಾಜಿನಂತೆ ಠಣ್ ಅಂದಿತು. ಅದನ್ನು ಒರಳಿಗೆ ಹಾಕಿ ಕುಟ್ಟಿದಳು. ಎಂಟು ಗಂಟೆ ಹಣ್ಣು ಕೊಯ್ದ ತೋಳಿನಲ್ಲಿ ಕುಟ್ಟಿದಳು. ಮಸಿ ಮೂಗಿಗೆ ಹೋಯಿತು. ಉಗುಳಿದರೆ ಕಪ್ಪು. ಬೆವರು ಒರೆಸಿದರೆ ಕಪ್ಪು.

ತಾಯಮ್ಮ ಜಗಲಿಯಲ್ಲಿ ಕೂತು ನೋಡಿದಳು. "ಕರಿ ನೀರು ಬೆಳ್ಳಗೆ ಮಾಡಕ್ಕೆ ಮಸಿ ಹಾಕ್ತಾಳಂತೆ. ಮಾರಾಯ್ತಿ, ನಿನ್ ಗಂಡನ್ನೂ ಒಂದ್ಸಲ ಇದ್ರಾಗೆ ಇಳುಸು, ಬೆಳ್ಳಗಾಗ್ಲಿ."

"ಅವ್ನು ಇಳಿಯಾಕಿಲ್ಲ ತಾಯಮ್ಮತ್ತೆ, ಸಿಕ್ಕಾಕ್ಕತಾನೆ."

ಅಂದು ಲೈನಿನಲ್ಲಿ ಬಹಳ ದಿನದ ಮೇಲೆ ನಗು ಕೇಳಿಸಿತು.

ತಾಯಮ್ಮ ತನ್ನ ಮನೆಯ ಕ್ಯಾನು ತಂದುಕೊಟ್ಟಳು. ಕಳೆ ಔಷಧಿಯ ಖಾಲಿ ಕ್ಯಾನು. ಲೈನಿನ ಎಲ್ಲ ಮನೆಯಲ್ಲೂ ಅಂಥದ್ದೇ. ಬೂದಿ ಹುಣಸೆಹಣ್ಣು ಹಾಕಿ ತಿಕ್ಕಿ ನೀರು ತುಂಬಿಸುತ್ತಿದ್ದರು. ಧನುಶ್ರೀ ಬೇಡವೇ ಬೇಡ ಅಂದಳು. ಬಂಗಲೆಯ ಹಿಂದೆ ಹೊಸ ವರ್ಷದ ಪಾರ್ಟಿಯ ದೊಡ್ಡ ಸೋಡಾ ಬಾಟಲಿಗಳು ಬಿದ್ದಿದ್ದವು. ಎರಡು ಆರಿಸಿ ತಂದರು. ಒಂದರ ತಳ ಕೊಯ್ದು ತಲೆಕೆಳಗು ಮಾಡಿದರು. ಮುಚ್ಚಳಕ್ಕೆ ಕಾಯಿಸಿದ ಮೊಳೆಯಿಂದ ತೂತು ಕೊರೆದರು. ಕತ್ತಿನ ಒಳಗೆ ಅಣ್ಣಯ್ಯನ ಹಳೆಯ ಪಂಚೆಯ ನಾಲ್ಕು ಮಡಿಕೆ ಬಟ್ಟೆ. ಅದರ ಮೇಲೆ ಅರ್ಧ ಗೇಣು ಇದ್ದಿಲು. ಅದರ ಮೇಲೆ ತೊಳೆದ ನುಣ್ಣನೆ ಮರಳು, ದಪ್ಪ ಮರಳು, ಕೊನೆಗೆ ಬೆಣಚುಕಲ್ಲು. ಕೆಳಗಿನ ಬಾಟಲಿಗೆ ಮೇಲಿನದರ ಕತ್ತು ಕೂರಿಸಿ, ಸೈಕಲ್ ಟ್ಯೂಬಿನಿಂದ ಬಿಗಿದರು. ಮುರಿದ ಸ್ಪ್ರೇಯರಿನ ಪಟ್ಟಿ ಕಟ್ಟಿದರು. ಬೆನ್ನಿಗೆ ಹಾಕಿಕೊಂಡರೆ ಕೂಸಿನಷ್ಟು ಭಾರ.

ಮೊದಲ ಸಲ ಮಸಿಯೇ ಇಳಿಯಿತು. ಇದ್ದಿಲು ತೆಗೆದು ಏಳು ಸಲ ತೊಳೆದು ಮತ್ತೆ ತುಂಬಿದಳು. ಎರಡನೆಯ ದಿನ ಬೂದು ಬಣ್ಣ. ಮೂರನೆಯ ದಿನ ಬೆಳಿಗ್ಗೆ ಹನಿ ಹನಿಯಾಗಿ ಕೆಳಗಿನ ಬಾಟಲಿ ತುಂಬಿತ್ತು. ಗಂಗಾಮಣಿ ಅದನ್ನು ಬಾಗಿಲ ಬೆಳಕಿಗೆ ಹಿಡಿದಳು. ಆ ಕಡೆಯ ಹುಣಸೆಮರ ಎಲೆ ಎಲೆಯಾಗಿ ಕಂಡಿತು. ಮೂಸಿದಳು. ಏನೂ ಇಲ್ಲ.

ಅವಳು ಓದಿದವಳಲ್ಲ. ಯಾರೂ ಅವಳಿಗೆ ಯಾವತ್ತೂ ಭೇಷ್ ಅಂದಿರಲಿಲ್ಲ. ತನ್ನ ಕೈ ತಾನೇ ನೋಡಿಕೊಂಡಳು. ಉಗುರಿನ ಸಂದಿಯಲ್ಲೆಲ್ಲ ಮಸಿ.

"ಕಾಸ್ಬೇಕು ಕಣವ್ವ," ಅಂದಳು ಧನುಶ್ರೀ. "ಇದ್ದಿಲು ವಾಸ್ನೆ ಎಳ್ಕಳ್ತದೆ, ಹುಳ ಎಳ್ಕಳಲ್ಲ. ಕಾಸಿ ಕೊಡು."

"ಇರು. ಇದು ಮೊದಲ್ನೇದು. ಮೇಲಕ್ಕೆ ಕೊಟ್ಬುಟ್ಟು ಬತ್ತೀನಿ."

ಲೈನಿನಲ್ಲಿ ಅದೊಂದು ಪದ್ಧತಿ. ಮೊದಲ ಹಲಸಿನಹಣ್ಣು, ಮೊದಲ ಜೇನು, ಮಳೆಗಾಲದ ಮೊದಲ ಕಳಲೆ, ಕೋಳಿಯ ಮೊದಲ ಮೊಟ್ಟೆ ಎಲ್ಲವೂ ಮೇಲಕ್ಕೆ ಹೋಗಬೇಕು. ಸ್ಟೋರಿನ ಜಗಲಿಯಲ್ಲಿಟ್ಟು ಕೈಮುಗಿದು ಬರಬೇಕು. ಆಮೇಲೆ ತಾವು ಮುಟ್ಟಬೇಕು. ಯಾರು ಮಾಡಿದ ಪದ್ಧತಿಯೋ ಯಾರಿಗೂ ತಿಳಿಯದು. ಮಾಡದಿದ್ದರೆ ಏನಾಗುತ್ತದೋ ನೋಡಿದವರಿಲ್ಲ.

"ಹುಚ್ಚಾ ನಿಂಗೆ? ಬೋರಿನ ನೀರು ಕುಡಿಯೋರಿಗೆ ಇದ್ಯಾಕೆ?"

"ಕುಡೀಲಿ ಅಂತಲ್ಲ ಕಣೆ. ನೋಡ್ಲಿ. ನಮ್ ನೀರು ಹೆಂಗಿರ್ಬೇಕಿತ್ತು ಅಂತ ನೋಡ್ಲಿ."

ಅದು ಅವಳ ತಪ್ಪು. ನಂಬಿಕೆಯಿಂದ ಮಾಡಿದ್ದು, ಹೆಮ್ಮೆಯಿಂದ ಮಾಡಿದ್ದು. ಒಂದು ಲೀಟರಿನ ಬಾಟಲಿಗೆ ತುಂಬಿ, ಕತ್ತಿಗೆ ಅರಿಶಿನದ ದಾರ ಕಟ್ಟಿ, ಸ್ಟೋರಿಗೆ ಒಯ್ದಳು. ಪ್ರದೀಪ ಬಾಟಲಿ ಮುಟ್ಟಲಿಲ್ಲ. ಜಗಲಿಯ ತುದಿಯಲ್ಲಿ ಇಡಿಸಿ, ಬಗ್ಗಿ ನೋಡಿದ.

"ಇದು ಹಳ್ಳದ್ದಾ?"

"ಹಳ್ಳದ್ದೇ ರೈಟ್ರೆ!" ಅಂದಳು.

"ಹಳ್ಳದ್ದೇ," ಅಂತ ಅವನೂ ಒಂದು ಸಲ ಅಂದುಕೊಂಡ. "ಸರಿ, ಇಟ್ಟೋಗು."

ಆ ದಿನ ಧನುಶ್ರೀ ಎರಡು ಲೋಟ ನೀರು ಕುಡಿದಳು. ವಾಂತಿಯಾಗಲಿಲ್ಲ. ಸಂಜೆ ಗಂಜಿ ಕುಡಿದಳು. ಅದೂ ನಿಂತಿತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಒದೀತು ಕಣವ್ವ, ಮೂರು ದಿನದ ಮೇಲೆ," ಅಂದಳು. ಗಂಗಾಮಣಿ ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತಳು. ಹೊಗೆ ಅಂದಳು.

ಸೋಮವಾರ ಗಂಗಾಮಣಿ ಬಂಗಲೆಯ ಕೆಳಗಿನ ಪ್ಲಾಟಿನಲ್ಲಿ ಹಣ್ಣು ಕೊಯ್ಯುತ್ತಿದ್ದಳು. ಸೊಂಟಕ್ಕೆ ಕುಕ್ಕೆ, ಬೆನ್ನಿಗೆ ಬಾಟಲಿ. ಮೇಲಿನಿಂದ ಪ್ರದೀಪ ಕೂಗಿದ.

"ಏ ಗಂಗಾಮಣಿ! ಬಾ ಇಲ್ಲಿ. ಸಾವ್ಕಾರ್ರು ಕರೀತಾವ್ರೆ."

ಬಂಗಲೆಯ ಜಗಲಿಯಲ್ಲಿ ಸಾಹುಕಾರ ರವಿಚಂದ್ರ ಬೆತ್ತದ ಕುರ್ಚಿಯಲ್ಲಿ ಕೂತಿದ್ದ. ಎದುರಿಗೆ ಫೈಲು ಹಿಡಿದ ಒಬ್ಬ ಆಫೀಸರು. ಮೇಜಿನ ಮೇಲೆ ಕಾಫಿ, ಬಾಳೆಕಾಯಿ ಚಿಪ್ಸು. ಅವುಗಳ ನಡುವೆ ಒಂದು ಬಾಟಲಿ. ಕತ್ತಿನಲ್ಲಿ ಅರಿಶಿನದ ದಾರ ಹಾಗೇ ಇತ್ತು. ಆಫೀಸರು ಅದಕ್ಕೊಂದು ಚೀಟಿ ಅಂಟಿಸುತ್ತಿದ್ದ.

ಗಂಗಾಮಣಿ ಅಂಗಳದಲ್ಲಿ ನಿಂತಳು. ಮೆಟ್ಟಿಲು ಹತ್ತುವಂತಿರಲಿಲ್ಲ.

"ಅರ್ಜಿ ಕೊಟ್ಟಿದ್ದು ನಿಮ್ ಲೈನಿನವ್ರಾ?" ಆಫೀಸರು ಕೇಳಿದ. ಒಳ್ಳೆಯ ಮನುಷ್ಯನಂತೆಯೇ ಮಾತಾಡಿದ. "ನೀರಿನ ಸ್ಯಾಂಪಲ್ ತಗೊಂಡಿದೀವಿ ನೋಡಮ್ಮ. ಲ್ಯಾಬಿಗೆ ಕಳಿಸ್ತೀವಿ. ನಿಮ್ಮ ಎದುರಿಗೇ ತಗೊಂಡಿದ್ದು ಅಂತ ಇಲ್ಲೊಂದು ಹೆಬ್ಬೆಟ್ಟು ಹಾಕು."

"ಎಲ್ಲಿಂದ ತಗಂಡ್ರಿ ಸಾರ್?"

"ಹಳ್ಳದಿಂದ."

"ಇದು ಹಳ್ಳದ ನೀರಲ್ಲ ಸಾರ್. ಇದು ನಾನ್ ಮಾಡಿದ್ ನೀರು."

ಪ್ರದೀಪ ನಕ್ಕ. "ನೀರು ಮಾಡ್ತಾಳಂತೆ! ಮಳೆರಾಯನ ತಂಗಿ ಇವ್ಳು."

ರವಿಚಂದ್ರನೂ ಮುಗುಳ್ನಕ್ಕ. ಅವನು ಎಂದೂ ಕೂಗಾಡುವವನಲ್ಲ. ಕೂಗಾಡಲು ಪ್ರದೀಪನಿದ್ದ.

"ನೀರು ಎಲ್ಲಿಂದ ತಂದೆ?" ಆಫೀಸರು ಕೇಳಿದ.

"ಹಳ್ಳದಿಂದ ಸಾರ್."

"ಮತ್ತೆ? ಹಳ್ಳದ ನೀರೇ ಅಲ್ವೇನಮ್ಮ?"

"ನೀನೇ ನಂಗೆ ಹೇಳಿದ್ದು, ಹಳ್ಳದ್ದೇ ಅಂತ," ಅಂದ ಪ್ರದೀಪ.

ಗಂಗಾಮಣಿ ಬೆನ್ನಿನಿಂದ ಬಾಟಲಿ ಇಳಿಸಿ ನೆಲದ ಮೇಲಿಟ್ಟಳು. ತೋರಿಸಿದಳು. "ಇಲ್ಲಿ ಕರೀದು ಹುಯ್ಯಾದು. ಇದು ಕಲ್ಲು, ಇದು ಮರಳು, ಇದು ಇದ್ದಿಲು. ಒಂದ್ ರಾತ್ರಿ ಬೇಕು ಒಂದ್ ಬಾಟ್ಲಿಗೆ. ನನ್ ಮಗ್ಳು ಬಸುರಿ ಸಾರ್. ಅವ್ಳೊಬ್ಬಳಿಗೆ ಸಾಲಲ್ಲ. ಹನ್ನೆರಡು ಮನೆ ಐತೆ. ಮಕ್ಳ ಮೈ ನೋಡಿ ಬನ್ನಿ."

ಆಫೀಸರು ಎದ್ದು ಮೆಟ್ಟಿಲಿಳಿದು ಬಂದ. ಕುಕ್ಕರಗಾಲಲ್ಲಿ ಕೂತು ಬಾಟಲಿ ನೋಡಿದ. ಫೋನು ತೆಗೆದು ಫೋಟೋ ಹೊಡೆದ. ಹತ್ತಿರದಿಂದೊಂದು, ದೂರದಿಂದೊಂದು.

"ಭೇಷ್ ಕಣಮ್ಮ!" ಅಂದ. "ಭೇಷ್! ರವಿಚಂದ್ರ ಅವ್ರೇ, ಇದನ್ನ ಎಲ್ಲಾ ಮನೆಗೂ ಮಾಡಿಸ್ಕೊಡಿ. ಲೈನಿನಲ್ಲಿ ನೀರು ಶುದ್ಧೀಕರಣದ ವ್ಯವಸ್ಥೆ ಇದೆ ಅಂತ ರಿಪೋರ್ಟಲ್ಲೇ ಬರೀತೀನಿ."

"ಮಾಡ್ಸೋಣ, ಅದಕ್ಕೇನು," ಅಂದ ರವಿಚಂದ್ರ.

ಅವಳಿಗೆ ಬದುಕಿನಲ್ಲಿ ಮೊದಲ ಸಲ ಯಾರೋ ಭೇಷ್ ಅಂದಿದ್ದರು. ಅವಳು ಆ ಮಾತನ್ನು ಬಿಟ್ಟು ಹಳ್ಳದ ಕಡೆ ಕೈ ತೋರಿಸಿದಳು.

"ಸಾರ್, ಕೆಳಗೆ ಬನ್ನಿ. ಇಲ್ಲೇ. ಇಳಿಯಾದೊಂದು ಹತ್ತು ನಿಮ್ಷ."

ಆಫೀಸರು ವಾಚು ನೋಡಿದ. ಇನ್ನೂ ಎರಡು ಎಸ್ಟೇಟಿಗೆ ಹೋಗಬೇಕಿತ್ತು. "ಮೊದ್ಲು ಹೆಬ್ಬೆಟ್ಟು ಹಾಕು. ಆಮೇಲೆ ನೋಡಾಣ."

ಪ್ರದೀಪ ನೀಲಿ ಶಾಯಿಯ ಡಬ್ಬಿಯ ಮುಚ್ಚಳ ತೆಗೆದು ಜಗಲಿಯ ತುದಿಗೆ ತಳ್ಳಿದ. ಆ ಡಬ್ಬಿಗೆ ಅವಳ ಬೆರಳು ಮದುವೆಯಾಗಿ ಬಂದಾಗಿನಿಂದ ಗೊತ್ತಿತ್ತು. ಕಂಬಳಿ ಕೊಟ್ಟರೆ ಹೆಬ್ಬೆಟ್ಟು. ರಜೆ ಹಾಕಿದರೆ ಹೆಬ್ಬೆಟ್ಟು. ಗಂಡನ ಕೈಗೆ ಯಂತ್ರದ ಹಲ್ಲು ತಾಗಿ ರಕ್ತ ಸುರಿದಾಗ, ತಪ್ಪು ಅವನದೇ ಅಂತ ಬರೆದ ಕಾಗದಕ್ಕೆ ಹೆಬ್ಬೆಟ್ಟು. ಎಲ್ಲಿ ತೋರಿಸಿದರೆ ಅಲ್ಲಿ ಒತ್ತಿದ್ದಳು. ಏನು ಬರೆದಿದೆ ಅಂತ ಒಂದು ಸಲವೂ ಕೇಳಿರಲಿಲ್ಲ.

ಅವಳು ಹೆಬ್ಬೆರಳನ್ನು ಮಡಚಿ ಮುಷ್ಟಿಯೊಳಗೆ ಇಟ್ಟುಕೊಂಡಳು.

"ಹಾಕಲ್ಲ."

"ಏನಂದೆ?" ಪ್ರದೀಪ ಕೇಳಿದ.

"ಹಾಕಲ್ಲ ಅಂದೆ. ಅದು ನನ್ ಮಗ್ಳ ಪಾಲಿನ ನೀರು. ನಿಮ್ಗೆ ನಂಬಿ ಕೊಟ್ಟಿದ್ದು. ಇರಿ ಸಾರ್, ಹೋಗ್ಬೇಡಿ. ಹಳ್ಳದ ನೀರು ನಾನೇ ತತ್ತೀನಿ."

ಕುಕ್ಕೆ ಬಿಚ್ಚಿ ಅಲ್ಲೇ ಎಸೆದಳು. ಹಣ್ಣು ಅಂಗಳದ ತುಂಬ ಉರುಳಿದವು. ಗಿಡಗಳ ನಡುವೆ ನುಗ್ಗಿ ಓಡಿದಳು. ರೆಂಬೆ ಮುಖಕ್ಕೆ ಹೊಡೆಯಿತು. ಪಲ್ಪರ್ ಮನೆಯ ಮುಂದೆ ಹಾದಾಗ ಅಣ್ಣಯ್ಯ ಕೂಗಿದ್ದು ಕೇಳಿಸಿತು, ನಿಲ್ಲಲಿಲ್ಲ. ಮನೆಗೆ ಹೋಗಿ ಕೊಡ ಎಳೆದುಕೊಂಡಳು. "ಏನಾಯ್ತವ್ವ?" ಅಂತ ಧನುಶ್ರೀ ಎದ್ದು ಬಂದಳು. ಹಳ್ಳಕ್ಕೆ ಮೊಣಕಾಲವರೆಗೆ ಇಳಿದು ಕೊಡ ಮುಳುಗಿಸಿದಳು. ಕಪ್ಪು ನೀರು ಗುಳುಗುಳು ಅಂತ ಒಳಗೆ ಹೋಯಿತು. ಮೇಲೆ ನೊರೆ ನಿಂತಿತು.

ಹತ್ತಿದಳು. ಸೊಂಟದ ಮೇಲೆ ತುಂಬಿದ ಕೊಡ. ಒಂದೊಂದು ಹೆಜ್ಜೆಗೂ ನೀರು ತುಳುಕಿ ಸೀರೆಗೆ, ಹೊಟ್ಟೆಗೆ, ತೊಡೆಗೆ ಇಳಿಯಿತು. ಇಳಿದಲ್ಲೆಲ್ಲ ಮೈ ಉರಿಯಿತು. ಅರ್ಧ ಹಾದಿಯಲ್ಲಿ ಎದೆ ಬಡಿತ ಕಿವಿಗೆ ಬಂತು. ಪಲ್ಪರ್ ಮನೆಯ ಮುಂದೆ ಅಣ್ಣಯ್ಯ ಕಾಣಲಿಲ್ಲ. ಇನ್ನೂ ಸ್ವಲ್ಪ. ಸ್ಟೋರು ದಾಟಿದಳು. ಕಣದಲ್ಲಿ ಕಾಫಿ ಬೀಜ ಚಿನ್ನದ ಹಾಗೆ ಹರಡಿತ್ತು. ಆಗ ಜೀಪು ಶುರುವಾದ ಸದ್ದು ಕೇಳಿಸಿತು.

"ಸಾರ್!" ಅಂತ ಕೂಗಿದಳು. ಜೀಪಿನ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ.

ಅಂಗಳಕ್ಕೆ ಬಂದಾಗ ಕೆಂಪು ಧೂಳು ಇನ್ನೂ ಕೂತಿರಲಿಲ್ಲ. ಮೇಜಿನ ಮೇಲೆ ಬಾಟಲಿ ಇರಲಿಲ್ಲ. ಸಾಹುಕಾರ ಒಳಗೆ ಹೋಗಿದ್ದ. ಜಗಲಿಯ ಕೆಳಗೆ ಅಣ್ಣಯ್ಯ ಒಬ್ಬನೇ ನಿಂತು, ಹೆಬ್ಬೆರಳನ್ನು ಲುಂಗಿಗೆ ಒರೆಸಿಕೊಳ್ಳುತ್ತಿದ್ದ. ಲುಂಗಿಯ ಮೇಲೆ ನೀಲಿ.

ಗಂಗಾಮಣಿ ಕೊಡ ಇಳಿಸಿದಳು.

"ಹಾಕ್ಬುಟ್ಟಾ?"

ಅವನು ಮತ್ತೆ ಲುಂಗಿಗೆ ಬೆರಳು ತಿಕ್ಕಿದ.

"ಹಾಕ್ಬುಟ್ಟಾ ಅಂದೆ."

"ನೋವು ಬಂದಾಗ ಜೀಪು ಕೊಡ್ತೀನಿ ಅಂದ್ರು ಸಾವ್ಕಾರ್ರು," ಅಂದ ಅಣ್ಣಯ್ಯ ನೆಲ ನೋಡುತ್ತ. "ಸಕಲೇಶಪುರದ ಆಸ್ಪತ್ರೆಗೆ. ಎಷ್ಟೊತ್ನಾಗೆ ಬಂದ್ರೂ ಕೊಡ್ತೀನಿ ಅಂದ್ರು. ಆನೆ ದಾರಿ ಕಣೆ. ಕರೆದ್ರೆ ಆಟೋದೋರು ಬರಲ್ಲ. ನಾನ್ ಹೆಂಗೆ ಹೊತ್ಕಂಡ್ ಹೋಗ್ಲಿ ಅವ್ಳನ್ನ?"

ಅವಳು ಅವನ ಕೆನ್ನೆಗೆ ಹೊಡೆಯಲು ಕೈಯೆತ್ತಿದ್ದಳು. ಕೈ ಗಾಳಿಯಲ್ಲೇ ನಿಂತಿತು.

"ಗೆರೆನೇ ಮೂಡ್ಲಿಲ್ಲ," ಅಂದ ಅವನು. ಹೆಬ್ಬೆರಳನ್ನು ಅವಳ ಮುಂದೆ ಹಿಡಿದ. ಲೋಳೆ ತಿಂದ ಬೆರಳು. ಮೊಟ್ಟೆಯ ಹಾಗೆ ನುಣ್ಣಗಿತ್ತು. "ಮೂರ್ ಸಲ ಒತ್ತುಸ್ದ. ಬರೀ ನೀಲಿ ಬೊಟ್ಟು. ಆಮ್ಯಾಕೆ ಇರ್ಲಿ ಬುಡು, ಸಾಕು ಅಂದ."

ಇಬ್ಬರೂ ಅಂಗಳದಲ್ಲಿ ಉರುಳಿದ ಹಣ್ಣುಗಳ ನಡುವೆ ನಿಂತಿದ್ದರು. ಕೊಡದ ನೊರೆ ಒಂದೊಂದೇ ಗುಳ್ಳೆಯಾಗಿ ಒಡೆಯಿತು. ಒಳಗಿನಿಂದ ದೇವೀರಮ್ಮ ಹೊರಗೆ ಇಣುಕಿ, ಸೆರಗಿನಿಂದ ಮೂಗು ಮುಚ್ಚಿಕೊಂಡು, ಬಾಗಿಲು ಎಳೆದುಕೊಂಡಳು.

ಸ್ಟೋರಿನ ಕಡೆಯಿಂದ ಪ್ರದೀಪನ ದನಿ ಬಂತು. "ಪಲ್ಪರ್ ಹತ್ರ ಯಾರವ್ರೋ? ಟ್ಯಾಂಕು ತುಂಬೈತೆ ಕಣೋ!"

ಅಣ್ಣಯ್ಯ ಹೊರಟ. ಗಂಗಾಮಣಿ ತಡೆಯಲಿಲ್ಲ.

ಮರುದಿನ ಬೆಳಿಗ್ಗೆ ಪ್ರದೀಪ ಲೈನಿಗೆ ಬಂದ. ವರ್ಷಕ್ಕೊಂದು ಸಲ ಇಳಿಯುವವನು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಇಳಿದ. ಹಿಂದೆ ಇಬ್ಬರು ಆಳು. ಒಬ್ಬನ ತಲೆಯ ಮೇಲೆ ಬಂಗಲೆಯ ತೆಂಗಿನ ಚಿಪ್ಪಿನ ಚೀಲ. ಇನ್ನೊಬ್ಬನ ಕೈಯಲ್ಲಿ ಹಗ್ಗಕ್ಕೆ ಪೋಣಿಸಿದ ಖಾಲಿ ಬಾಟಲಿಗಳು.

"ಸಾವ್ಕಾರ್ರು ಕಳ್ಸವ್ರೆ. ಹನ್ನೆರಡೂ ಮನೆಗೆ ಮಾಡ್ಕೊಡ್ಬೇಕಂತೆ. ಆಫೀಸರು ಇನ್ನೊಂದ್ಸಲ ಬಂದಾಗ ತೋರಿಸ್ಬೇಕು."

"ಮಾಡಲ್ಲ," ಅಂದಳು ಗಂಗಾಮಣಿ.

"ಮಾಡ್ದಿದ್ರೆ ನಿಮ್ಗೇ ನಷ್ಟ. ಕುಡಿಯೋರು ನಾವಲ್ಲ." ಚೀಲವನ್ನು ಅವಳ ಬಾಗಿಲಲ್ಲೇ ಇಳಿಸಿ ಹೋದ.

ಚೀಲ ಅಲ್ಲೇ ಕೂತಿತು. ಗಂಗಾಮಣಿ ಕೆಲಸಕ್ಕೆ ಹೋಗುವಾಗ ದಾಟಿಕೊಂಡು ಹೋದಳು. ಬರುವಾಗ ದಾಟಿಕೊಂಡು ಬಂದಳು. ಎರಡನೆಯ ದಿನ ತಾಯಮ್ಮ ಬಂದು ಕೂತಳು. ಅವಳ ಮಾತಿನಲ್ಲಿ ತಮಾಷೆ ಇರಲಿಲ್ಲ.

"ನಿನ್ ಮಗ್ಳಿಗೊಂದು ಮಾಡ್ಕಂಡೆ. ನಮ್ ಮನೆ ಮಕ್ಳು ಮನುಷ್ಯರಲ್ವ?"

"ಮಾಡುದ್ರೆ ಗೇಟು ಮುಚ್ಚಲ್ಲ ಅತ್ತೆ. ಯಾವತ್ತೂ ಮುಚ್ಚಲ್ಲ. ನೋಡಿ, ಸೋಸ್ಕಂಡು ಕುಡೀತಾವ್ರಲ್ಲ ಅಂತಾರೆ."

"ಮಾಡ್ದಿದ್ರೆ ಮುಚ್ತಾರಾ?"

ತಾಯಮ್ಮ ಮಂಡಿ ಹಿಡಿದುಕೊಂಡು ಎದ್ದು ಹೋದಳು.

ಮೂರನೆಯ ದಿನ ಬೆನ್ನಿನ ಬಾಟಲಿಯಲ್ಲಿ ಇಳಿದ ನೀರಿಗೆ ಹಳದಿ ಬಣ್ಣವಿತ್ತು. ಮೂಸಿದರೆ ಹುಳಿ. ಇದ್ದಿಲಿಗೂ ಹೊಟ್ಟೆ ತುಂಬಿತ್ತು, ಇನ್ನು ನುಂಗಲಾರದು. ಗಂಗಾಮಣಿ ಅದನ್ನೇ ಎರಡು ಸಲ ಇಳಿಸಿ, ಕಾಸಿ, ಆರಿಸಿ ಕೊಟ್ಟಳು. ಧನುಶ್ರೀ ಕಣ್ಣು ಮುಚ್ಚಿ ಕುಡಿದಳು. ಗೋಡೆ ಹಿಡಿದುಕೊಂಡು ಅಂಗಳಕ್ಕೆ ಹೋಗುವಷ್ಟರಲ್ಲಿ ಎಲ್ಲ ಹೊರಬಂತು. ಕಡೆಗೆ ಬರುವುದಕ್ಕೆ ಏನೂ ಇಲ್ಲದೆ ಒಣ ಓಕರಿಕೆ ಮಾತ್ರ ಬಂತು. ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲೇ ಕೂತುಬಿಟ್ಟಳು.

ಗಂಗಾಮಣಿ ಮಗಳ ಬೆನ್ನು ನೀವಿದಳು. ಬೆನ್ನುಮೂಳೆಯ ಒಂದೊಂದು ಮಣಿಯೂ ಕೈಗೆ ಸಿಕ್ಕಿತು. ಭಾನುವಾರಕ್ಕೆ ಇನ್ನೂ ಮೂರು ದಿನ. ಹಾನುಬಾಳಿನ ಕಸದ ರಾಶಿ ಮೂರು ದಿನ ದೂರ.

ಎದ್ದಳು. ಬಾಗಿಲಿಗೆ ಹೋದಳು. ಚೀಲದ ಬಾಯಿಗೆ ಕಟ್ಟಿದ್ದ ಹುರಿ ಬಿಚ್ಚಲು ಬರಲಿಲ್ಲ; ಹಲ್ಲಿನಿಂದ ಕಚ್ಚಿ ಹರಿದಳು. ಒಳ್ಳೆಯ ಚಿಪ್ಪು. ದಪ್ಪ, ಒಣಗಿದ್ದು, ಒಳಗೆ ತುರಿಮಣೆಯ ಗೆರೆಗಳು. ಕಲ್ಲಿನ ಮೇಲಿಟ್ಟು ಕತ್ತಿಯ ಹಿಂಬದಿಯಿಂದ ಒಡೆದಳು. ಇನ್ನೊಂದು ಒಡೆದಳು. ಸದ್ದು ಕೇಳಿ ತಾಯಮ್ಮ ಬಂದು ಎದುರಿಗೆ ಕೂತು ನಾರು ಕೆರೆಯಲು ಹಿಡಿದಳು. ಉಳಿದ ಮನೆಗಳ ಬಾಗಿಲೂ ಒಂದೊಂದಾಗಿ ತೆರೆದವು.

ಧನುಶ್ರೀ ಗೋಡೆಗೆ ಒರಗಿ ನೋಡುತ್ತಿದ್ದಳು.

"ಅವ್ವ, ಮಾಡಲ್ಲ ಅಂದಿದ್ಯಲ್ಲ?"

"ಅಂದಿದ್ದೆ."

ಗಂಗಾಮಣಿ ಒಲೆಗೆ ಬೆಂಕಿ ಹಚ್ಚಿದಳು.